ದೇವರ ಬಲ್ಬಿನ ಫ್ಯೂಸ್

ನಮ್ಮ ವ್ಯಾನಿಗೆ ಎರಡು ಬ್ಯಾಟರಿ: ಒಂದು ಎಂಜಿನ್ನಿಗೆ, ಇನ್ನೊಂದು ಒಳಗಿನ ದೀಪ, ಫ್ಯಾನುಗಳಿಗೆ. ಅದರಲ್ಲೇ ಮಲಗಿ ಎದ್ದು ನಾನು, ನನ್ನ ಹೆಂಡತಿ ಅಂಬಾಬಾಯಿ ಎಷ್ಟೋ ಕ್ಷೇತ್ರಗಳನ್ನು ನೋಡಿಬಂದೆವು. ವಿಠ್ಠಲನ ಪಟದ ಮುಂದಿನ ಕೆಂಪು ಬಲ್ಬನ್ನು ದಿನಾ ಸಂಜೆ ಅವಳೇ ಹಚ್ಚುತ್ತಿದ್ದಳು. ಏಕಾದಶಿಯಂದು ಬೆಳಗಿನವರೆಗೂ ಆರಿಸುತ್ತಿರಲಿಲ್ಲ.

ಅವಳು ತೀರಿಕೊಂಡ ಮೇಲೆ ಪಟ, ಬಲ್ಬು ಎರಡನ್ನೂ ಮಡಗಾವಿನ ಮನೆಯೊಳಗೆ ತಂದಿಟ್ಟೆ. ಅಂದಿನಿಂದ ಒಳಗಿನ ಬ್ಯಾಟರಿ ತಾನಾಗಿ ಇಳಿಯತೊಡಗಿತು. ಸರಿಮಾಡಿಸಿದರೆ ವ್ಯಾನ್ ಕೊಳ್ಳುತ್ತೇನೆಂದು ಒಬ್ಬರು ಹೇಳಿದ್ದರಿಂದ, ೨೦೦೯ರ ಒಂದು ಸಂಜೆ ಊರಿನದೇ ಮೋತಿ ಡೊಂಗರ್ ಬಡಾವಣೆಯ ಮೆಕ್ಯಾನಿಕ್ ಅಲ್ಲಾವುದ್ದೀನನನ್ನು ಕರೆಸಿದೆ.

"ಯಾರೋ ಕದ್ದು ಉಣ್ಣಾಕತ್ತಾರ್ರಿ, ಕಾಕಾ," ಎಂದು ನಗುತ್ತ ಅವನು ಮೀಟರ್ ಜೋಡಿಸಿ ಒಂದೊಂದೇ ಫ್ಯೂಸ್ ಕಿತ್ತ. ನಾಲ್ಕನೆಯದನ್ನು ಕಿತ್ತಾಗ ಮುಳ್ಳು ಸೊನ್ನೆಗೆ ಬಂತು; ಕರೆಂಟು ಸೋರುತ್ತಿದ್ದದ್ದು ಅದರಲ್ಲೇ.

"ಇದು ಯಾವುದರದ್ರಿ?"

"ದೇವರ ಬಲ್ಬಿಂದು. ಬಲ್ಬ್ ತಗದು ಆರು ತಿಂಗಳಾತು."

ಫ್ಯೂಸ್ ಮತ್ತೆ ಹಾಕಿ, ಖಾಲಿ ಹೋಲ್ಡರಿನ ಬಳಿ ಬೆರಳು ಒಯ್ದವನು ನಗು ನಿಲ್ಲಿಸಿದ. "ಬಿಸಿ ಐತ್ರಿ. ವೈರ್ ಕತ್ತರಿಸಲೇನ್ರಿ?"

ನಾನು ಅಂಗೈ ಒಡ್ಡಿದೆ. ಆರತಿಯಷ್ಟೇ ಹದವಾದ ಬಿಸಿ. ನನಗರಿವಿಲ್ಲದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡೆ.

"ಬ್ಯಾಡಪಾ," ಎಂದೆ.

ವ್ಯಾನ್ ಮಾರಲಿಲ್ಲ. ಇಂದಿಗೂ ದಿನಾ ಆ ಬ್ಯಾಟರಿಯನ್ನು ಚಾರ್ಜಿಗಿಡುತ್ತೇನೆ. ಉಳಿದ ದಿನ ಬೆಳಗಿಗೆ ಚೂರು ಇಳಿದಿರುತ್ತದೆ. ಏಕಾದಶಿಯ ಮರುದಿನ ಪೂರ್ತಿ ಬರಿದಾಗಿರುತ್ತದೆ.