ಕುರ್ಚಿ ಬದಲಾಯಿಸದ ಸಂಜೆ

ಟೈಲರಮ್ಮ ನಮ್ಮ ಮನೆಗೆ ಬಂದಾಗ ಅವರ ಕೊರಳಲ್ಲಿ ಅಳತೆ ಟೇಪು ಹಾಗೇ ಜೋತಾಡುತ್ತಿತ್ತು. ಅಂಗಡಿ ಮುಚ್ಚುವುದನ್ನೂ ಮರೆತು ಎದ್ದು ಬಂದಿದ್ದರು. ಕೂರಿ ಎಂದರೆ ಕೂರಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತ, "ಅಕ್ಕಾ, ಮೇಷ್ಟ್ರನ್ನ ನಾನೇ ಕೊಂದೆನಾ? ಅದೊಂದು ಹೇಳಿಬಿಡಿ," ಎಂದರು.

ಅಕ್ಕ ಎಂದರೆ ನನ್ನ ಒಡಹುಟ್ಟಿದ ಅಕ್ಕ. ಕೋರ್ಟಿನಲ್ಲಿ ಸ್ಟೆನೋ ಆಗಿದ್ದು ನಿವೃತ್ತಳಾದವಳು. ಸಾಕ್ಷಿಗಳು ಹೇಳಿದ್ದನ್ನೆಲ್ಲ ಆಯುಷ್ಯವಿಡೀ ಬರೆದುಕೊಂಡವಳಿಗೆ ಅವರು ಹೇಳದೆ ಬಿಟ್ಟಿದ್ದೇನು ಎಂಬುದೂ ಹೇಗೋ ಹೊಳೆಯುತ್ತಿತ್ತು. ನಾನು ಹಲ್ಲಿನ ಡಾಕ್ಟರಾಗಿದ್ದವನು. ಜನರ ಬಾಯಿ ತೆರೆಸುವುದೇ ನನ್ನ ಕಸುಬು. ಬಾಯಿ ಬಿಡಿಸುವ ವಿದ್ಯೆ ಮಾತ್ರ ಅಕ್ಕನದು. ಬೀದಿಯಲ್ಲಿ ಯಾರ ಸರ ಕಳೆದರೂ ಪೊಲೀಸರಿಗಿಂತ ಮೊದಲು ನಮ್ಮ ಮನೆಯ ಕದ ತಟ್ಟುತ್ತಿದ್ದರು. ನನ್ನ ಮಧ್ಯಾಹ್ನದ ನಿದ್ದೆಗೆ ಕಲ್ಲು ಬೀಳುತ್ತಿದ್ದದ್ದು ಹೀಗೆ.

ಮೇಷ್ಟ್ರು ಟೈಲರಮ್ಮನ ಅಂಗಡಿಯ ಮಹಡಿಯಲ್ಲಿ ಒಬ್ಬರೇ ಇದ್ದರು. ಕತೆ ಬರೆಯುವುದು ಹೇಗೆಂದು ಹೇಳಿಕೊಡುತ್ತಿದ್ದರು. ಉಬ್ಬಸದ ಮನುಷ್ಯ. ಹಿಂದಿನ ವಾರ ಒಂದು ಬೆಳಿಗ್ಗೆ ಮಗಳು ಬಂದು ನೋಡಿದಾಗ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ಔಷಧಿ ಎಳೆದುಕೊಳ್ಳುವ ಪಂಪು ಎದೆಯ ಜೇಬಿನಲ್ಲೇ ಇತ್ತು. ತೆಗೆಯುವಷ್ಟೂ ಪುರುಸೊತ್ತು ಸಿಕ್ಕಿಲ್ಲ ಪಾಪ ಎಂದು ಡಾಕ್ಟರು ಹೇಳಿದರು. ನಾವೆಲ್ಲ ನಂಬಿದೆವು.

"ಹಿಂದಿನ ಸಂಜೆ ನನಗೆ ಕೇಳಿಸಿತ್ತು," ಎಂದರು ಟೈಲರಮ್ಮ. "ಪಂಪ್ ಕೊಡು ಮಗು ಅಂದ್ರು. ಆಮೇಲೆ, ಕಿಟಕಿ ತೆಗಿ, ಕಿಟಕಿನಾದ್ರೂ ತೆಗಿ ಅಂದ್ರು. ನಾನು ಕೆಳಗೆ ಕೂತು ಗುಂಡಿ ಹಾಕ್ತಿದ್ದೆ. ಹಾಕ್ತಾನೇ ಇದ್ದೆ."

"ಮೇಲೆ ಹೋಗಿ ನೋಡೋದಲ್ವಾ?" ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಅಕ್ಕ ನನ್ನನ್ನು ದುರುಗುಟ್ಟಿ ನೋಡಿದಳು.

"ಮೊದಮೊದಲು ಹೋಗ್ತಿದ್ದೆ. ಒಂದ್ಸಲ ಅಯ್ಯೋ ಸತ್ತೆ ಅಂತ ಕೂಗಿದ್ರು. ಕತ್ತರಿ ಹಿಡಕೊಂಡೇ ಮೆಟ್ಟಿಲು ಹತ್ತಿದೆ. ನೋಡಿದ್ರೆ ಆರಾಮಾಗಿ ಕೂತಿದಾರೆ. ಸತ್ತಿದ್ದು ನಾನಲ್ಲಮ್ಮಾ, ನನ್ನ ಕತೆಯ ಪೋಸ್ಟ್‌ಮಾಸ್ಟರು, ನಿಮ್ಮ ಕೈಯಲ್ಲಿರೋ ಕತ್ತರಿ ನೋಡಿದ್ರೆ ಇನ್ನೊಂದ್ಸಲ ಸಾಯ್ತಾರೆ ಅಂದ್ರು. ಆಮೇಲೆ ಹೋಗೋದು ಬಿಟ್ಟೆ. ಮಾತನ್ನ ಬಾಯಲ್ಲಿ ಆಡಿ ನೋಡದೆ ಬರೀಬಾರದು ಅನ್ನೋದು ಅವರ ನೇಮ. ಎದುರುಬದುರು ಎರಡು ಕುರ್ಚಿ. ಇಲ್ಲಿ ಕೂತು ಒಬ್ಬನ ಮಾತು, ಎದ್ದು ಅಲ್ಲಿಗೆ ಹೋಗಿ ಇನ್ನೊಬ್ಬನ ಉತ್ತರ. ಹಲಗೆ ನೆಲ ನೋಡಿ, ಒಂದೊಂದು ಮಾತಿಗೂ ನನ್ನ ತಲೆ ಮೇಲೆ ಕಿರ್ ಅಂತಿತ್ತು."

"ಅವತ್ತೂ ಕಿರ್ ಅಂತಾ?" ಎಂದು ಕೇಳಿದಳು ಅಕ್ಕ.

ಟೈಲರಮ್ಮ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಯೋಚಿಸಿದರು. "ಮಾತಿನ ನಡುವೆ ಇಲ್ಲ. ಇವತ್ತೇನು, ಕೂತಲ್ಲೇ ಕೂತಿದಾರೆ ಅಂತ ಅಂದ್ಕೊಂಡಿದ್ದೆ."

"ಬೇರೆ ಯಾರ ದನಿಯಾದ್ರೂ ಕೇಳಿಸ್ತಾ?"

"ಇಲ್ಲ. ಅವರದೊಂದೇ. ಯಾರಾದ್ರೂ ಬಂದು ಹೋದ್ರೂ ನನಗೆ ಕಾಣಲ್ಲ, ಮೆಟ್ಟಿಲು ಹಿಂದಿನ ಓಣಿಗೆ."

ಅಕ್ಕ ಎದ್ದು ಬೀದಿ ಬಾಗಿಲು ಮುಚ್ಚಿ ಬಂದಳು. ಆಮೇಲೆ, "ನೀವು ಕೇಳಿದ ಮಾತನ್ನ ಇನ್ನೊಬ್ಬರ ಕಿವಿಗೆ ಹಾಕಬೇಡಿ. ಮೇಷ್ಟ್ರ ಮಗಳಿಗೂ ಬೇಡ," ಎಂದಳು.

ಮಾರನೆಯ ದಿನ ಮೂವರೂ ಮಹಡಿಗೆ ಹೋದೆವು. ಮೇಷ್ಟ್ರ ಮಗಳು ಅಪ್ಪನ ಅಂಗಿಗಳನ್ನು ಮಡಿಸುತ್ತಿದ್ದಳು. ಒಂದನ್ನು ಮಡಿಸಿ, ಮತ್ತೆ ಬಿಡಿಸಿ, ಮತ್ತೆ ಮಡಿಸುವುದು. ಅದನ್ನು ನೋಡಲಾರದೆ ನಾನು ಕಿಟಕಿಯ ಕಡೆ ತಿರುಗಿದೆ. ಅದು ಮುಚ್ಚಿತ್ತು. ಅಗುಳಿ ತುಕ್ಕು ಹಿಡಿದು ಬಿಗಿಯಾಗಿತ್ತು. ಎರಡು ಕೈ ಹಾಕಿದರೂ ಅಲ್ಲಾಡಲಿಲ್ಲ.

"ಪಂಪು ಎದೆ ಜೇಬಲ್ಲಿತ್ತು ಅಂದ್ಯಲ್ಲಮ್ಮ?" ಎಂದು ಅಕ್ಕ ಕೇಳಿದಳು.

"ಹೌದು ಅತ್ತೆ. ಪೆನ್ನುಗಳ ಜೊತೆ. ಅಲ್ಯಾಕೆ ಇಟ್ಕೊಂಡ್ರೋ."

ಟೈಲರಮ್ಮ ತಲೆಯೆತ್ತಿದರು. "ಪಂಪಿಗೆ ಅಂತಾನೇ ಎಲ್ಲ ಅಂಗಿಗೂ ಒಳಗಡೆ ಕಳ್ಳಜೇಬು ಇಟ್ಟುಕೊಟ್ಟಿದ್ದೀನಿ. ನರ್ಸಮ್ಮ ಹೇಳಿ ಮಾಡಿಸಿದ್ದು. ಕತ್ತಲಲ್ಲೂ ಕೈ ನೇರ ಅಲ್ಲಿಗೇ ಹೋಗಬೇಕು ಅಂತ."

ನರ್ಸಮ್ಮ ಮೇಷ್ಟ್ರ ಇಬ್ಬರು ಶಿಷ್ಯರಲ್ಲಿ ಒಬ್ಬಳು. ಇನ್ನೊಬ್ಬ ಜೀವವಿಮೆಯ ಏಜೆಂಟ್, ಇತ್ತೀಚೆಗೆ ಸೇರಿಕೊಂಡವನು. ಅಕ್ಕ ಇಬ್ಬರನ್ನೂ ಬೇರೆಬೇರೆಯಾಗಿ ಕಂಡು ಮಾತಾಡಿಸಿದಳು. ಅಂದು ಸಂಜೆ ತರಗತಿ ಇರಲಿಲ್ಲ, ತಾವು ಅತ್ತ ಹೋಗಲೇ ಇಲ್ಲ ಎಂದು ಇಬ್ಬರೂ ಹೇಳಿದರು. ಏಜೆಂಟ್ ಇನ್ನೊಂದು ಮಾತನ್ನೂ ತಾನಾಗಿ ಸೇರಿಸಿದ. "ಹೇಳಬಾರದು ಮೇಡಂ, ಆದರೂ ಹೇಳ್ತೀನಿ. ನರ್ಸಮ್ಮಂಗೂ ಮೇಷ್ಟ್ರಿಗೂ ಮಾತು ನಿಂತುಹೋಗಿತ್ತು. ತೀರಿಹೋದ ಮಗುವಿನ ಬಗ್ಗೆ ನರ್ಸಮ್ಮ ತರಗತಿಯಲ್ಲಿ ಹೇಳಿಕೊಂಡಿದ್ದನ್ನ ಮೇಷ್ಟ್ರು ಕತೆಗೆ ಹಾಕಿಬಿಟ್ಟಿದ್ದರು."

ನರ್ಸಮ್ಮ ಅದನ್ನು ಮುಚ್ಚಿಡಲಿಲ್ಲ. "ಹೌದು, ಹೊಟ್ಟೆ ಉರಿದುಹೋಗಿತ್ತು. ಆದ್ರೆ ನನ್ನೆದುರೇ ಆ ಹಾಳೆ ಹರಿದು ಹಾಕಿದ್ರು. ತಪ್ಪಾಯ್ತು ತಾಯೀ, ಮಾತು ಚೆನ್ನಾಗಿದೆ ಅನ್ನೋ ಆಸೆಗೆ ಆಡಿದೋರನ್ನ ಮರೆತೆ ಅಂದ್ರು." ಕಣ್ಣೊರೆಸಿಕೊಂಡು, "ಅಂಥವರು ಇನ್ನೆಲ್ಲಿ ಸಿಗ್ತಾರೆ?" ಎಂದಳು.

"ಪಾಠ ಹೇಗೆ ಮಾಡ್ತಿದ್ರು?"

"ಒಂದು ಆಟ ಆಡಿಸ್ತಿದ್ರು. ಒಬ್ಬರಿಗೆ ತೀರಾ ಬೇಕಾದ ವಸ್ತು ಇನ್ನೊಬ್ಬರ ಕೈಯಲ್ಲಿರಬೇಕು. ಹಿಡಕೊಂಡೋರು ಕೊಡಬಾರದು. ಕೇಳೋರು ಅದರ ಹೆಸರೆತ್ತದೆ ಕೇಳಬೇಕು. ಮನುಷ್ಯ ಬೇಕಾದ್ದನ್ನ ಯಾವತ್ತೂ ನೇರವಾಗಿ ಕೇಳಲ್ಲ, ಸುತ್ತಿ ಬಳಸಿ ಬರ್ತಾನೆ, ಆ ಸುತ್ತಾಟದಲ್ಲೇ ಅವನ ಗುಣ ಕಾಣೋದು ಅನ್ನೋರು. ತಡೀಲಾರದೆ ಹೆಸರೆತ್ತಿಬಿಟ್ರೆ ಆಟ ಮುಗೀತು. ತಕ್ಷಣ ಕೊಟ್ಟುಬಿಡಬೇಕು."

"ಏಜೆಂಟ್ ಹೇಗೆ ಬರೀತಾನೆ?"

ಆ ದುಃಖದಲ್ಲೂ ನರ್ಸಮ್ಮನಿಗೆ ನಗು ಬಂತು. "ಪಾಪ, ಅವನ ಪಾತ್ರ ಎಲ್ಲಾ ಅವನ ಹಾಗೇ ಮಾತಾಡುತ್ತೆ. ನಿನ್ನ ಕತೆಯಲ್ಲಿ ಕಳ್ಳನೂ ಪಾಲಿಸಿ ಮಾರ್ತಾನಲ್ಲೋ ಅಂತ ಮೇಷ್ಟ್ರು ರೇಗಿಸೋರು. ಅವನು ಬೇರೆಯವರ ಮಾತನ್ನ ಕೇಳಿಸಿಕೊಳ್ಳೋದೇ ಇಲ್ಲ."

ಮನೆಗೆ ನಡೆದು ಬರುವಾಗ ಅಕ್ಕನ ಮುಖ ಸಪ್ಪೆಯಾಗಿತ್ತು. ಗಂಟು ಬಿಚ್ಚಿಕೊಂಡಾಗ ಅವಳು ಗೆಲುವಾಗಿರುವುದು ವಾಡಿಕೆ. ಗೊತ್ತಾಯಿತೇ ಎಂದು ನಾನು ಕೇಳಿದ್ದಕ್ಕೆ, "ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು ಕಣೋ," ಎಂದಳು.

ಭಾನುವಾರ ಸಂಜೆ ಎಲ್ಲರೂ ಮೇಷ್ಟ್ರ ಕೋಣೆಯಲ್ಲಿ ಸೇರಿದೆವು. ಮಗಳು, ಟೈಲರಮ್ಮ, ಇಬ್ಬರು ಶಿಷ್ಯರು, ನಾವಿಬ್ಬರು. ಅಕ್ಕ ಎರಡು ಕುರ್ಚಿಗಳನ್ನೂ ಎದುರುಬದುರು ಹಾಕಿಸಿದಳು. "ಅವರು ಕಲಿಸಿದ ಹಾಗೇ ಅವರನ್ನ ನೆನೆಯೋಣ. ಈ ಕುರ್ಚಿಯಲ್ಲಿ ಕೂತು, ಕೊನೇ ಗಳಿಗೆಯಲ್ಲಿ ಮೇಷ್ಟ್ರು ಏನು ಮಾತಾಡಿರಬಹುದು, ಆಡಿ ತೋರಿಸಿ," ಎಂದಳು. ನನಗೆ ಇದು ಸರಿ ಕಾಣಲಿಲ್ಲ. ಸತ್ತವರ ಮಗಳನ್ನು ಕೂರಿಸಿಕೊಂಡು ಇದೆಂಥ ಆಟ ಎಂದು ಅಕ್ಕನ ಸೆರಗು ಜಗ್ಗಿದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ನರ್ಸಮ್ಮ ಮೊದಲು ಕೂತಳು. "ಮಗಳಿಗೆ ಹೇಳಿ, ಅಂಗಿ ಇಸ್ತ್ರಿ ಮಾಡೋದು ಬೇಡ ಅಂತ. ಸುಸ್ತಾಗ್ತಾಳೆ," ಎಂದು ಮೆಲ್ಲಗೆ ಹೇಳಿ ಎದ್ದುಬಿಟ್ಟಳು. ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಏಜೆಂಟ್ ಕೂತ. ತನಗೆ ಬರುವುದಿಲ್ಲ ಎಂದ. ಆಮೇಲೆ ಕಣ್ಣು ಮುಚ್ಚಿದ. ಉಸಿರು ಎಳೆದೆಳೆದು ಬಿಟ್ಟ. ಬಾಯಿ ತೆರೆದಾಗ ಬಂದದ್ದು ಏಜೆಂಟನ ಮಾತಾಗಿರಲಿಲ್ಲ. "ಸಾಕು... ಪಂಪ್. ಪಂಪ್ ಕೊಡು ಮಗು. ಕಿಟಕಿ ತೆಗಿ. ಕಿಟಕಿನಾದ್ರೂ... ತೆಗಿ." ಮೇಷ್ಟ್ರೇ ಬಂದು ಕೂತಂತಿತ್ತು.

ಟೈಲರಮ್ಮ ಗೋಡೆ ಹಿಡಿದು ಎದ್ದು ನಿಂತರು. "ಅದೇ," ಎಂದರು. "ಅದೇ ಮಾತು."

ಅಕ್ಕ ಏಜೆಂಟನ ಎದುರಿನ ಕುರ್ಚಿಯಲ್ಲಿ ಕೂತಳು. ದನಿ ಏರಿಸಲಿಲ್ಲ. "ಆ ಮಾತು ಕೇಳಿಸಿಕೊಂಡವರು ಇಬ್ಬರೇ. ಕೆಳಗೆ ಇದ್ದ ಟೈಲರಮ್ಮ ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಮೇಷ್ಟ್ರು ಒಬ್ಬರೇ ಅಭ್ಯಾಸ ಮಾಡುವಾಗ ಉತ್ತರ ಹೇಳೋದಕ್ಕೆ ಎದ್ದು ಈ ಕುರ್ಚಿಗೆ ಬರ್ತಿದ್ರು. ನೆಲ ಕಿರ್ ಅಂತಿತ್ತು. ಅವತ್ತು ಅನ್ನಲಿಲ್ಲ. ಉತ್ತರ ಕೊಡಬೇಕಾದವರು ಇಲ್ಲಿ ಕೂತಿದ್ರು, ಕೊಡಲಿಲ್ಲ ಅಷ್ಟೆ. ಕೂತಿದ್ದು ಯಾರು? ಪಂಪನ್ನ ಆಮೇಲೆ ಎದೆ ಜೇಬಿಗೆ ಹಾಕಿದವರು. ನರ್ಸಮ್ಮ ಆಗಿದ್ರೆ ತಾನೇ ಹೇಳಿ ಮಾಡಿಸಿದ ಕಳ್ಳಜೇಬಿಗೆ ಹಾಕಿರೋಳು. ಮಗಳು ದಿನಾ ಆ ಅಂಗಿ ಒಗೆಯೋಳು, ಅವಳಿಗೂ ಗೊತ್ತು. ಗೊತ್ತಿಲ್ಲದೇ ಇದ್ದದ್ದು ನಿನಗೆ ಒಬ್ಬನಿಗೇ."

"ಆಟ ಆಡ್ತಿದ್ವಿ," ಎಂದ ಏಜೆಂಟ್. "ಅವರೇ ಮೇಜಿನ ಮೇಲಿದ್ದ ಪಂಪು ನನ್ನ ಕೈಗೆ ಕೊಟ್ಟರು. ನನಗೆ ನಿಜವಾಗಲೂ ಬೇಕಾದ್ದು ಇದು, ಹಿಡಕೋ ಅಂದರು. ಆಟ ಅಂತಾನೇ ಅಂದುಕೊಂಡೆ ಮೇಡಂ."

"ಮೊದಲಿಗೆ ಆಟವೇ. ನಾನೂ ನಂಬ್ತೀನಿ. ಆದ್ರೆ ಪಂಪ್ ಕೊಡು ಅಂತ ಹೆಸರೆತ್ತಿ ಕೇಳಿದ್ರಲ್ಲಪ್ಪ. ಹೆಸರೆತ್ತಿದ್ರೆ ಆಟ ಮುಗೀತು ಅಂತ ನಿನಗೆ ಕಲಿಸಿದ್ದು ಅವರೇ. ಆಗ ಯಾಕೆ ಕೊಡಲಿಲ್ಲ?"

ಅವನು ತನ್ನ ಅಂಗೈ ನೋಡಿಕೊಳ್ಳುತ್ತ ಕೂತ.

"ಎಷ್ಟು ಬರೆದರೂ ನನ್ನ ಕತೆಯ ಜನಕ್ಕೆ ಜೀವ ಬರ್ತಿರಲಿಲ್ಲ," ಎಂದ ಕೊನೆಗೆ. "ಅವತ್ತು ಮೊದಲನೇ ಸಲ ಒಬ್ಬ ಮನುಷ್ಯ ನಿಜವಾಗಿ ಮಾತಾಡೋದು ನನಗೆ ಕೇಳಿಸ್ತು. ಇನ್ನೊಂದು ಮಾತು ಆಡಲಿ, ಆಮೇಲೆ ಕೊಡೋಣ ಅಂದುಕೊಂಡೆ. ಕಿಟಕಿ ಅಂದರು. ಅಂಥ ಹೊತ್ತಲ್ಲಿ ಪಂಪು ಬಿಟ್ಟು ಕಿಟಕಿ ಕೇಳ್ತಾರೆ ಅಂತ ನನಗೆ ಯಾವತ್ತೂ ಹೊಳೀತಿರಲಿಲ್ಲ. ಅದನ್ನೇ ಯೋಚನೆ ಮಾಡ್ತಾ ಕೂತೆ. ಕೊಡೋಕೆ ಹೋದಾಗ ಅವರು ಕೈ ಚಾಚಲಿಲ್ಲ."

ಮಗಳು ಎದ್ದು ಹೋಗಿ ಆ ಕಿಟಕಿಯ ಅಗುಳಿಯನ್ನು ಎಳೆದಳು. ಬರಲಿಲ್ಲ. ಎಳೆಯುತ್ತಲೇ ಇದ್ದಳು. ನಾನು ಹೋಗಿ ಅವಳ ಕೈ ಹಿಡಿದುಕೊಂಡೆ. "ನಾನೇ ಪೊಲೀಸರ ಹತ್ತಿರ ಹೋಗ್ತೀನಿ," ಎಂದು ಏಜೆಂಟ್ ಎದ್ದ. ಯಾರೂ ಹೇಳದೆಯೇ ನರ್ಸಮ್ಮ ಅವನ ಜೊತೆ ಮೆಟ್ಟಿಲಿಳಿದಳು.

ಕೆಳಗೆ ಅಂಗಡಿಯಲ್ಲಿ ಟೈಲರಮ್ಮ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದರು. ಅಕ್ಕ ಅವರ ಭುಜದ ಮೇಲೆ ಕೈಯಿಟ್ಟಳು. "ನೀವು ಕೇಳಿದ್ದಕ್ಕೆ ಉತ್ತರ ಹೇಳ್ತೀನಿ. ನೀವು ಕೊಲ್ಲಲಿಲ್ಲ. ಆಟದ ನೇಮ ನಿಮಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಮೇಲಿದ್ದ."

"ನೇಮ ಗೊತ್ತಿರಲಿಲ್ಲ ಅಕ್ಕಾ," ಎಂದರು ಟೈಲರಮ್ಮ. "ನೆಲ ಕಿರ್ ಅನ್ನಲಿಲ್ಲ ಅನ್ನೋದು ಗೊತ್ತಿತ್ತಲ್ಲ. ಅದನ್ನ ನಿಮಗೆ ಹೇಳಿದ್ದು ನಾನೇ ಅಲ್ವಾ?"

ಅಕ್ಕ ಒಂದು ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕೂತಳು. ಕತ್ತಲಾದರೂ ಏಳಲಿಲ್ಲ.

ಆ ಮಹಡಿಗೆ ಆಮೇಲೆ ಚಿಕ್ಕ ಮಕ್ಕಳಿರುವ ಸಂಸಾರವೊಂದು ಬಾಡಿಗೆಗೆ ಬಂತು. ಮಕ್ಕಳು ಆಟದಲ್ಲಿ ಕಿರುಚಿದಾಗಲೆಲ್ಲ ಟೈಲರಮ್ಮ ಕೈಲಿದ್ದ ಬಟ್ಟೆ ಬಿಟ್ಟು ಹಿಂದಿನ ಓಣಿಯಿಂದ ಮೆಟ್ಟಿಲು ಹತ್ತಿ ಹೋಗುತ್ತಿದ್ದರು. ಏನಿಲ್ಲ ಅಜ್ಜಿ, ಆಟ ಎಂದು ಮಕ್ಕಳು ನಗುತ್ತಿದ್ದವು. ಅವರು ಒಂದೊಂದೇ ಮಗುವಿನ ಮುಖ ನೋಡಿ, ಕಿಟಕಿ ತೆರೆದಿದೆಯೇ ಎಂದು ನೋಡಿ, ಕೆಳಗಿಳಿದು ಬರುತ್ತಿದ್ದರು.