ಅತ್ತೆಯ ಕೈಗವಸು

ಹೇಮಲತಾಳ ತಲೆಗೆ ಮತ್ತೊಂದು ಮೊಟಕು ಬಿತ್ತು. ಮೊಟಕಿದ್ದು ಅವಳದೇ ಬಲಗೈ.

“ಡಾಕ್ಟ್ರೇ, ಈ ದರಿದ್ರಾನ ಬಿಚ್ಚಿ! ಇಲ್ಲಾಂದ್ರೆ ನಾನೇ ಕಿತ್ತು ಬಚ್ಚಲಿಗೆ ಎಸೀತೀನಿ!”

ಆ ಕೈಗೆ ತೊಡಿಸಿದ್ದು ಹಸ್ತಸ್ಮೃತಿ ಕವಚ. ಜನರ ಬಾಯಲ್ಲಿ ಬರೀ ಕೈಗವಸು. ಪಳಗಿದ ಕೈ ಕೆಲಸ ಮಾಡುವಾಗ ಅದರ ಸ್ನಾಯುಗಳ ಒಂದೊಂದು ಮಿಡಿತವನ್ನೂ ಇದು ನೆನಪಿಟ್ಟುಕೊಳ್ಳುತ್ತದೆ. ಮುಂದೆ ಯಾರು ತೊಟ್ಟರೂ ಅವರ ಬೆರಳುಗಳನ್ನು ಹಾಗೆಯೇ ಆಡಿಸುತ್ತದೆ. ಇದರೊಳಗಿದ್ದದ್ದು ಅವಳ ಅತ್ತೆ ಪುಟ್ಟತಾಯಮ್ಮನ ಕೈ. ಹೇಮಲತಾ ಮದುವೆಯಾಗಿ ಬಂದ ವರ್ಷ, ಹಾಸನದ ಈ ಹಿತ್ತಿಲಲ್ಲೇ ಅತ್ತೆ ಬಿತ್ತನೆ ಆಲೂಗಡ್ಡೆಯನ್ನು ತುಂಡುತುಂಡಾಗಿ ಕೊಯ್ಯುವಾಗ, ವಿಜ್ಞಾನಿ ಡಾ. ಪರಮೇಶ್ ಅದನ್ನು ದಾಖಲಿಸಿಕೊಂಡಿದ್ದರು. ಈಗ ಪುಟ್ಟತಾಯಮ್ಮನ ಕೈ ನಡುಗುತ್ತದೆ, ಚಾಕು ನಿಲ್ಲುವುದಿಲ್ಲ.

ಹೋದ ವರ್ಷ ಹೇಮಲತಾ ಕೊಯ್ದ ತುಂಡುಗಳನ್ನು ಹಸಿಯಾಗಿಯೇ ನೆಟ್ಟಿದ್ದಳು. ಎಲ್ಲವೂ ಮಣ್ಣಲ್ಲೇ ಕೊಳೆತವು. ಈ ಸಲವೂ ಕೊಳೆತರೆ ಹಿತ್ತಿಲಿಗೆ ಸಿಮೆಂಟ್ ಹಾಕಿಸುತ್ತೇನೆಂದು ಅತ್ತೆ ಮೇಸ್ತ್ರಿಗೂ ಹೇಳಿಬಿಟ್ಟಿದ್ದರು. ಇಡೀ ಮನೆಯಲ್ಲಿ ಹೇಮಲತಾ ತನ್ನದೆಂದುಕೊಂಡಿದ್ದು ಆ ಅಂಗೈಯಗಲ ಮಣ್ಣು ಮಾತ್ರ.

“ಕೊಯ್ಯೋದು ಕಲಿಸೋ ಯಂತ್ರ ಮೊಟಕೋದ್ಯಾಕೆ?”

ಪರಮೇಶ್ ತಲೆ ಕೆರೆದುಕೊಂಡರು. “ಕೆಲಸ ಯಾವ್ದು, ಅಭ್ಯಾಸ ಯಾವ್ದು ಅಂತ ಅದಕ್ಕೆ ಗೊತ್ತಾಗಲ್ಲ ಹೇಮಾವ್ರೇ. ಆವತ್ತು ಪಕ್ಕದಲ್ಲಿ ಕೂತು ನೀವು ಅಡ್ಡ ಕೊಯ್ದಾಗೆಲ್ಲ ನಿಮ್ಮತ್ತೆ ಮೊಟಕಿದ್ರು. ಈಗ್ಲೂ ನೀವು ಅಡ್ಡ ಎಳೆದ್ರೆ ಅದು ನಿಮ್ಮ ತಲೇನೇ ಹುಡುಕುತ್ತೆ.”

“ತುಂಡಿಗೆ ಎರಡು ಮೊಳಕೆ ಕಣ್ಣು ಬರೋ ಹಂಗೆ ಉದ್ದುಕ್ ಕುಯ್ಯೇ ಅಂದ್ರೆ ಯಾವತ್ತು ಕೇಳಿದೀಯ?” ಜಗಲಿಯಿಂದ ಪುಟ್ಟತಾಯಮ್ಮ ಗದರಿದರು. “ಇನ್ನೊಂದು ಬುಡೋ ಅವ್ಳಿಗೆ!” ಎಂದು ಕೈಗವಸನ್ನೇ ಹುರಿದುಂಬಿಸಿದರು.

ಹಲ್ಲು ಕಚ್ಚಿಕೊಂಡು ಹೇಮಲತಾ ಕೈ ಸಡಿಲ ಬಿಟ್ಟಳು. ಚಾಕು ಸರಾಗವಾಗಿ ಓಡಿತು. ಮೊಟ್ಟೆಗಾತ್ರದ ಗಡ್ಡೆ ಇಡಿಯಾಗಿ ಪಕ್ಕಕ್ಕೆ; ದೊಡ್ಡದು ಉದ್ದಕ್ಕೆ ಸೀಳಿ, ಕೊಯ್ದ ಮೈಗೆ ಬೂದಿ ಸವರಿಸಿಕೊಂಡು, ಒಣಗಲೆಂದು ನೆರಳಿನ ಗೋಣಿತಟ್ಟಿನ ಮೇಲೆ. ಬುಟ್ಟಿ ಬರಿದಾಯಿತು. ಕವಚ ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಕೈ ಮತ್ತೆ ತಲೆಯತ್ತ ಏರಿತು.

“ಈಗೇನು ತಪ್ಪು ಮಾಡ್ದೆ!” ಅವಳು ಕಣ್ಣು ಮುಚ್ಚಿಕೊಂಡಳು.

ಮೊಟಕು ಬೀಳಲಿಲ್ಲ. ಬೆರಳುಗಳು ಮೊಟಕಿದ ಜಾಗವನ್ನೇ ಮೆಲ್ಲಗೆ ನೇವರಿಸಿದವು. ಕೆನ್ನೆಗಿಳಿದ ಕೂದಲನ್ನು ಕಿವಿಯ ಹಿಂದೆ ಸೇರಿಸಿದವು.

ಪರಮೇಶ್‌ಗೆ ನೆನಪಾಯಿತು. “ಆವತ್ತು ಕೆಲಸ ಮುಗಿದ ಮೇಲೆ ನೀವು ಅಳ್ತಾ ಅಳ್ತಾ ಮೂಟೆಗೆ ಒರಗಿ ನಿದ್ದೆ ಹೋಗಿದ್ರಿ. ನಾನು ಯಂತ್ರ ಆರಿಸಿರಲಿಲ್ಲ.”

“ಸುಳ್ಳು!” ಪುಟ್ಟತಾಯಮ್ಮನ ಮುಖ ಕೆಂಪಾಯಿತು. “ಕೆಟ್ಟೋಗೈತೆ ಅದು! ನಾನ್ಯಾಕೆ ಸವರ್ಲಿ ಇವ್ಳ ತಲೆಯ?”

ಹೇಮಲತಾಳಿಗೆ ಮೊಟಕಿಗೂ ಬಾರದಷ್ಟು ಸಿಟ್ಟು ಈಗ ಬಂತು. “ಎಚ್ಚರ ಇರೋವಾಗ ಮೊಟಕೋದು, ನಿದ್ದೆ ಹೋದ್ಮೇಲೆ ಸವರೋದು! ಒಂದ್ಸಲ ಎದುರಿಗೆ ಸವರಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅತ್ತೆ? ಇಷ್ಟು ವರ್ಷ!”

ಪುಟ್ಟತಾಯಮ್ಮ ನಡುಗುವ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು. “ಆ ಮೇಸ್ತ್ರಿಗೆ ಬರಬ್ಯಾಡ ಅಂತೀನಿ, ಬುಡು. ಆ ಗವಸು ಮಾತ್ರ ಒಲೆಗಾಕು.”

ಹೇಮಲತಾ ಗವಸು ಕಿತ್ತೆಸೆದಳು. ಪಕ್ಕಕ್ಕಿಟ್ಟಿದ್ದ ಇಡೀ ಗಡ್ಡೆಯೊಂದನ್ನೂ ಚಾಕುವನ್ನೂ ಎತ್ತಿಕೊಂಡು ಹೋಗಿ ಅತ್ತೆಯ ಕಾಲ ಬಳಿ ಕುಕ್ಕರಿಸಿದಳು. ಬೇಕೆಂದೇ ಅದನ್ನು ಅಡ್ಡಕ್ಕೆ ಕೊಯ್ದು, ತಲೆಯನ್ನು ಮುಂದಕ್ಕೆ ಚಾಚಿದಳು.

“ಈಗ ಯಾವ್ದು ಮಾಡ್ತೀರೋ ಮಾಡಿ. ನಾನು ಎಚ್ಚರವಾಗೇ ಇದೀನಿ.”