ತೊಟ್ಟಿಲ ಕೂಸಿನ ಹರಕೆ

ಕ್ರಿಸ್‌ಮಸ್ ಮಧ್ಯಾಹ್ನ ಎಲ್ಡೊರೆಟ್ ಊರಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಕಂಡ ಹಾಗೇ ಹೇಳುತ್ತೇನೆ. ಮಗಳು ಜೆಲಗಟ್ ಕಂಪ್ಯೂಟರ್ ಆಟದೊಳಗೆ ನಮ್ಮದೇ ಸಂಸಾರ ಕಟ್ಟಿ, ವಯಸ್ಸಿಗೆ ತಕ್ಕ ಹಬ್ಬದ ಪದ್ಧತಿಗಳನ್ನು ಹಂಚಿದ್ದಳು. ಮಕ್ಕಳು ಮನೆ ಸಿಂಗರಿಸಬೇಕು, ದೊಡ್ಡವರು ಮೇಕೆ ಮಾಂಸ ಸುಡಬೇಕು, ಮುದುಕರು, ಹೊಗೆಸೊಪ್ಪು ಜಗಿಯುವ ನಮ್ಮ ಬುಡಕಟ್ಟಿನ ಹಿರಿಯರಂತೆ, ಕಿರಿಯರ ಅಂಗೈಗೆ ಉಗುಳಿ ಹರಸಬೇಕು. ಕೂಸಿಗೆ ಏನೂ ಇಲ್ಲ.

“ಅಮ್ಮಾ, ಆಟದಲ್ಲಿ ನನ್ನ ತಮ್ಮ ತೊಟ್ಟಿಲಿಂದ ಎದ್ದು ಎಲ್ಲರನ್ನೂ ಹರಸ್ತಿದಾನೆ!”

“ಅವನ ವಯಸ್ಸಿನ ಜಾಗದಲ್ಲಿ ನೀನೇ ‘ಮುದುಕ’ ಅಂತ ಒತ್ತಿರ್ತೀಯ, ಕತ್ತೆ!”

“ಇಲ್ಲಮ್ಮಾ, ಕೂಸು ಅಂತಾನೇ ಇದೆ, ನೋಡು. ಅವನು ಹರಸೋಕೆ ಇನ್ನು ನೀನೊಬ್ಬಳೇ ಬಾಕಿ.”

ಸಿಟ್ಟಿನಿಂದ ಕಂಪ್ಯೂಟರಿನ ತಂತಿ ಕಿತ್ತೆ. ಮಡಿಲಲ್ಲಿದ್ದ ನನ್ನ ಎರಡು ತಿಂಗಳ ಕೂಸು ಹಾಲು ಕುಡಿಯುವುದನ್ನು ನಿಲ್ಲಿಸಿತು. ಅದರ ಕೈ ತಣ್ಣಗಾಗಿತ್ತು. ಕೂಸಿಗೇನಾಯಿತೋ ಎಂದು ಬಗ್ಗಿ ನೋಡಿದೆ. ಅದು ನನ್ನ ಬಿಗಿದ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿ, ಅಂಗೈಗೆ ಮೆಲ್ಲಗೆ ಉಗುಳಿತು.

ಉಗುಳಿನಲ್ಲಿ ಹೊಗೆಸೊಪ್ಪಿನ ವಾಸನೆಯಿತ್ತು.